ದೊರೆಸಾನಿಯ ವಂಶವಿಚಾರ

ಕುಶನ್ ಮಾಮ ಒಂದು ಕೈಯಲ್ಲಿ ಗಿಡದ ಕುಂಡ, ಇನ್ನೊಂದು ಕೈಯಲ್ಲಿ ಬೆಕ್ಕಿನ ಬುಟ್ಟಿ ಹಿಡಿದುಕೊಂಡು, ಹಾಡಹಗಲಲ್ಲಿ, ನಡುಬೀದಿಯಲ್ಲಿ ಬುಸುಗುಡುತ್ತ ಹೋದದ್ದನ್ನು ಕಂಡವರು ಅವನಿಗೆ ತಲೆ ಕೆಟ್ಟಿದೆ ಎಂದರು. ಇದು ಶುದ್ಧ ಸುಳ್ಳು. ಅವನಿಗೆ ಅನ್ಯಾಯವಾಗಿತ್ತು, ಅಷ್ಟೇ. ತಲೆ ಕೆಟ್ಟವನೂ ಅನ್ಯಾಯವಾದವನೂ ದೂರದಿಂದ ಒಂದೇ ಥರ ಕಾಣುತ್ತಾರೆ. ಅದಕ್ಕೆ ಮಾಮ ಏನು ಮಾಡಬೇಕು?

ಮಾಮನ ನಿಜವಾದ ಹೆಸರು ಏನೆಂದು ಬೀದಿಯಲ್ಲಿ ಯಾರನ್ನು ಕೇಳಿದರೂ ತಲೆ ಕೆರೆದುಕೊಳ್ಳುತ್ತಾರೆ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಕುಸಿದ ಸೋಫಾಗಳ ಹೊಟ್ಟೆ ಬಗೆದು, ಸ್ಪ್ರಿಂಗು ಬದಲಿಸಿ, ಪಟ್ಟಿ ಬಿಗಿದು, ಹೊಸ ಬಟ್ಟೆ ಹೊದಿಸಿ ಮೊಳೆ ಹೊಡೆದು ಕೊಡುವುದು ಕಸುಬು. ಊರಿನ ದೊಡ್ಡ ಮನುಷ್ಯರೆಲ್ಲ ನೆಮ್ಮದಿಯಾಗಿ ಕೂರುವುದು ತನ್ನ ಕೈಚಳಕದಿಂದಲೇ ಎಂಬ ಸಣ್ಣ ಜಂಬ ಅವನಿಗಿತ್ತು. ಯಾರಾದರೂ ತನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾತಾಡಿದರೆ, ‘ಇರಲಿ, ನಾಳೆ ಇವರ ಸೋಫಾ ಕುಸಿಯಲಿ, ಆಗ ಬರಲಿ’ ಎಂದು ಒಳಗೊಳಗೇ ಹಲ್ಲು ಕಡಿಯುತ್ತಿದ್ದ. ಸಿಟ್ಟು ಅವನಿಗೆ ಬಹಳ ಬೇಗ ಬರುತ್ತಿತ್ತು. ಯಾರ ಮೇಲೆ ಬಂದಿದೆ ಎಂಬ ವಿಷಯದಲ್ಲಿ ಮಾತ್ರ ಆಗಾಗ ಗೊಂದಲವಾಗುತ್ತಿತ್ತು.

ಬುಟ್ಟಿಯಲ್ಲಿದ್ದ ಬೆಕ್ಕಿನ ಹೆಸರು ದೊರೆಸಾನಿ. ಮೈಯೆಲ್ಲ ಬಿಳುಪು, ಬೆನ್ನ ಮೇಲೆ ಶಾಲು ಹೊದ್ದ ಹಾಗೆ ಒಂದು ಕಪ್ಪು ಮಚ್ಚೆ. ಕಣ್ಣು ಬಿಟ್ಟು ಇನ್ನೂ ಹೆಚ್ಚು ದಿನವಾಗದ ಮರಿಯಾಗಿದ್ದಾಗ ಮಾಮನ ಹೆಂಡತಿ ಅದನ್ನು ತವರಿನಿಂದ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ತವರಿನಿಂದ ಬಂದ ಸಾಮಾನಿಗೆ ಗಂಡನ ಮನೆಯಲ್ಲಿ ಹೇಗೂ ಒಂದು ಕೈ ಮೇಲೆಯೇ ಮರ್ಯಾದೆ ಇರುತ್ತದೆ. ಆ ಸಾಮಾನಿಗೆ ಜೀವವೂ ಇದ್ದುಬಿಟ್ಟರೆ ಕೇಳಬೇಕೆ? ದೊರೆಸಾನಿ ಊಟ ಮಾಡುವಾಗ ಮಾಮ ಮೊಳೆ ಹೊಡೆಯುವ ಹಾಗಿರಲಿಲ್ಲ. ಅವಳು ಮಲಗಿದ್ದ ಕುರ್ಚಿಗೆ ಯಾರಾದರೂ ಅತಿಥಿಗಳು ಕೈ ಹಾಕಿದರೆ ಮಾಮನ ಹೆಂಡತಿ ಮುಖ ಸಿಂಡರಿಸಿಕೊಂಡು, “ಅದು ಮಲಗಿದೆಯಲ್ಲ, ನೀವು ನಿಂತೇ ಮಾತಾಡಿ” ಎನ್ನುತ್ತಿದ್ದಳು.

ದೊರೆಸಾನಿಗೆ ಇದ್ದದ್ದು ಒಂದೇ ಚಟ. ಹೊಸ ಬಟ್ಟೆ ಹೊದಿಸಿದ ಸೋಫಾದ ಕೈಯ ಮೇಲೆ ಉಗುರು ಹರಿತ ಮಾಡಿಕೊಳ್ಳುವುದು. ಹರಕಲು ಸೋಫಾಗಳನ್ನು ಅವಳು ಮೂಸಿಯೂ ನೋಡುತ್ತಿರಲಿಲ್ಲ. ಮಾಮ ಕೊನೆಯ ಮೊಳೆ ಹೊಡೆದು, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ತನ್ನ ಕೆಲಸವನ್ನು ತಾನೇ ಮೆಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ಬಂದು ಪರ್ರೆಂದು ಒಂದು ಗೀರು ಎಳೆದು ಹೋಗುತ್ತಿದ್ದಳು.

ಈ ಗೀರು ಹಲ್ಲಿನ ಡಾಕ್ಟರ ಸೋಫಾದ ಮೇಲೆ ಬಿದ್ದಾಗ ಗ್ರಹಚಾರ ಶುರುವಾಯಿತು. ಕ್ಲಿನಿಕ್ಕಿನಲ್ಲಿ ರೋಗಿಗಳು ಕಾದು ಕೂರುವ ಉದ್ದನೆಯ ಸೋಫಾ ಅದು. ಕಡುಹಸಿರು ಮಖಮಲ್ಲನ್ನು ಡಾಕ್ಟರೇ ಆರಿಸಿ ತಂದುಕೊಟ್ಟಿದ್ದರು. ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಬಂದವರು ಸೋಫಾದ ಎಡಗೈಯನ್ನು ಸವರಿದರು.

“ಇದೇನು?”

“ಡಿಸೈನು ಸಾರ್,” ಎಂದ ಮಾಮ.

“ಬಲಗೈಯಲ್ಲಿ ಇಲ್ವಲ್ಲ ಈ ಡಿಸೈನು?”

ಮಾಮ ಚಾವಣಿ ನೋಡಿದ. ಡಾಕ್ಟರು ಹಲ್ಲು ಕೀಳುವ ಮುಂಚೆ ಮಾತಾಡುವಷ್ಟೇ ಮೃದುವಾಗಿ, “ಆ ಭಾಗದ ಬಟ್ಟೆ ಬದಲಾಯಿಸಿ. ಕ್ಲಿನಿಕ್ಕಿನ ಕುರ್ಚಿಗಳ ಕೆಲಸಾನೂ ನಿಮಗೇ ಕೊಡೋಣ ಅಂತಿದ್ದೆ. ಇನ್ನೊಂದು ಗೀರು ಕಂಡ್ರೆ ಬೇರೆಯವರನ್ನ ನೋಡ್ಕೋತೀನಿ,” ಎಂದು ಹೊರಟುಹೋದರು.

ಮಾಮ ನೇರವಾಗಿ ಅಡುಗೆಮನೆಗೆ ಹೋಗಿ ತೀರ್ಪು ಕೊಟ್ಟ. “ನಾಳೆನೇ ಈ ಪೀಡೆನ ನಿಮ್ಮಮ್ಮನ ಮನೆಗೆ ಬಿಟ್ಟು ಬಾ.”

ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ. “ಬಿಡೋಕೆ ಹೋಗ್ತೀನಿ, ಬರೋದು ಮಾತ್ರ ಗೊತ್ತಿಲ್ಲ. ಆ ಮನೆಯಿಂದ ಈ ಮನೆಗೆ ಬಂದವರು ನಾವಿಬ್ಬರು. ಒಬ್ಬಳು ಬೇಡ ಅಂದ ಮೇಲೆ ಇನ್ನೊಬ್ಬಳದೇನು ಇಲ್ಲಿ ಕೆಲಸ?”

ಅವಳು ಕೂಗಾಡಿದ್ದರೆ ಮಾಮ ಹೆದರುತ್ತಿರಲಿಲ್ಲ. ಅಂಗಿಯ ತೋಳನ್ನು ನೀಟಾಗಿ ಒಳಕ್ಕೆ ಮಡಿಸುತ್ತ ಹೇಳಿದಳು. ಬೆಕ್ಕಿದ್ದರೆ ಗಿರಾಕಿ ಇಲ್ಲ, ಬೆಕ್ಕಿಲ್ಲದಿದ್ದರೆ ಹೆಂಡತಿ ಇಲ್ಲ. ಇದು ಯಾವ ನ್ಯಾಯ ಎಂದು ಅವನು ಗೋಡೆಯನ್ನು ಕೇಳಿದ.

ಮಾರನೆಯ ದಿನ ಸ್ಪ್ರಿಂಗು ತರಲು ಹೋದವನ ಕಣ್ಣಿಗೆ ನರ್ಸರಿಯ ಬೋರ್ಡು ಬಿತ್ತು. ಬೆಕ್ಕುಗಳು ಇಷ್ಟಪಡುವ ಗಿಡಗಳು ಇಲ್ಲಿ ಸಿಗುತ್ತವೆ ಎಂದು ಬರೆದಿತ್ತು. ಮಾಮ ಒಳಗೆ ನುಗ್ಗಿದ. ನರ್ಸರಿಯ ಯಜಮಾನ ಬೂದುಹಸಿರು ಎಲೆಯ, ಸಣ್ಣ ತುಪ್ಪಳದ ಒಂದು ಗಿಡವನ್ನು ಮುಂದಿಟ್ಟ.

“ಇದು ಬೆಕ್ಕಿನ ಪುದೀನ. ವಾಸನೆ ಮೂಗಿಗೆ ಬಿದ್ರೆ ಮುಗೀತು. ಕೆನ್ನೆ ಉಜ್ಜತ್ತೆ, ಹೊರಳಾಡತ್ತೆ, ಜೊಲ್ಲು ಸುರಿಸತ್ತೆ. ಹಿತ್ತಲಲ್ಲಿಡಿ, ಮನೆಯೊಳಗಿನ ಸಾಮಾನಿನ ನೆನಪೇ ಇರಲ್ಲ ಅದಕ್ಕೆ. ಬಿಸಿಲು ಚೆನ್ನಾಗಿ ಬೀಳಬೇಕು, ನೀರು ನಿಲ್ಲಬಾರದು, ತುದಿ ಚಿವುಟ್ತಾ ಇರಿ. ಕಿಟಕಿ ಹತ್ರ ಒಂದು ತಟ್ಟೇಲಿ ಗೋಧಿ ಹುಲ್ಲು ಬೆಳೆಸಿ, ಮೇಯೋಕಾಗತ್ತೆ.”

ಜನ್ಮದಲ್ಲಿ ಒಂದು ಹುಲ್ಲುಕಡ್ಡಿ ನೆಟ್ಟವನಲ್ಲ ಮಾಮ. ಆದರೆ ಆ ಗಿಡಕ್ಕೆ ಅವನು ಮಾಡಿದ ಸೇವೆಯನ್ನು ಹೆತ್ತ ಮಕ್ಕಳಿಗೂ ಯಾರೂ ಮಾಡುವುದಿಲ್ಲ. ಬಿಸಿಲು ಸರಿದ ಹಾಗೆಲ್ಲ ಕುಂಡವನ್ನೂ ಸರಿಸಿದ. ಎಳೆ ಗಿಡಕ್ಕೆ ಯಾವ ಪ್ರಾಣಿಯೂ ಅವಧಿಗೆ ಮುಂಚೆ ಬಾಯಿ ಹಾಕದಿರಲಿ ಎಂದು ಹಳೆಯ ಸೋಫಾದ ಸ್ಪ್ರಿಂಗನ್ನು ಸುತ್ತ ಬೇಲಿಯಾಗಿ ಸಿಕ್ಕಿಸಿದ. ಗಿಡ ಸ್ಪ್ರಿಂಗಿನೊಳಗಿಂದ ಸುರುಳಿ ಸುರುಳಿಯಾಗಿ ಮೇಲೆ ಬಂತು. ಕಿಟಕಿಯ ಬಳಿ ಗೋಧಿ ಹುಲ್ಲು ಗೇಣುದ್ದ ನಿಂತಿತು. ಅಷ್ಟು ದಿನ ಡಾಕ್ಟರ ಸೋಫಾಕ್ಕೆ ಗೋಣಿ ಹೊದಿಸಿ, ಅದರ ಮೇಲೆ ಹಲಗೆ ಒರಗಿಸಿ, ಹಲಗೆಯ ಮುಂದೆ ತಾನೇ ಚಾಪೆ ಹಾಕಿಕೊಂಡು ಮಲಗಿದ.

ಗಿಡ ಪೊದೆಯಾದ ಮೇಲೆ ಒಂದು ಬೆಳಗ್ಗೆ ಸ್ಪ್ರಿಂಗು ತೆಗೆದು, ಹೆಂಡತಿಯನ್ನು ಕರೆದು, ಹಿತ್ತಲಲ್ಲಿ ಕುರ್ಚಿ ಹಾಕಿ ಕೂರಿಸಿದ. “ನೋಡ್ತಾ ಇರು. ಇವತ್ತಿಂದ ಇವಳು ಒಳಗೆ ಬಂದ್ರೆ ಕೇಳು.”

ದೊರೆಸಾನಿಯನ್ನು ತಂದು ಗಿಡದ ಮುಂದೆ ಇಳಿಸಿದ. ಅವಳು ಗಿಡವನ್ನು ಮೂಸಿದಳು. ಮಾಮನನ್ನು ನೋಡಿದಳು. ಕೂತು ಮುಂಗಾಲು ನೆಕ್ಕಿಕೊಂಡಳು. ಮಾಮ ಎಲೆ ಕಿತ್ತು, ಅಂಗೈಯಲ್ಲಿ ತಿಕ್ಕಿ, ಮೂಗಿನ ಹತ್ತಿರ ಹಿಡಿದ. ಅವಳು ಸೀನಿದಳು. ಆಮೇಲೆ ಒಳಗೆ ಹೋಗಿ ಗೋಧಿ ಹುಲ್ಲಿನ ತಟ್ಟೆಯಲ್ಲಿ ಹತ್ತಿ ಮಲಗಿ ಅದನ್ನು ಚಪ್ಪಟೆ ಮಾಡಿದಳು.

“ಗೊತ್ತಾಗ್ತಿಲ್ಲ ಅದಕ್ಕೆ, ಹೇಗೆ ಮಾಡಬೇಕು ಅಂತ,” ಎಂದ ಮಾಮ. ಮತ್ತೆ ಹೊತ್ತು ತಂದ. ಹೆಂಡತಿ ಬೇಡ ಬೇಡ ಎನ್ನುತ್ತಿರುವಾಗಲೇ ಒಂದು ಎಲೆಯನ್ನು ತನ್ನ ಮೂಗಿಗೆ ಒತ್ತಿಕೊಂಡು, ಕಣ್ಣು ಮೇಲೆ ಮಾಡಿ, ನೆಲಕ್ಕೆ ಬಿದ್ದು, ಆ ಕಡೆಯಿಂದ ಈ ಕಡೆಗೆ ಹೊರಳಿ ತೋರಿಸಿದ. ದೊರೆಸಾನಿ ಕುತೂಹಲದಿಂದ ನೋಡಿದಳು.

ಆಗಲೇ ಪಕ್ಕದ ಕಾಂಪೌಂಡಿನ ಮೇಲೆ ಕೋರ್ಟಪ್ಪನವರ ತಲೆ ಮೂಡಿದ್ದು. ಕೋರ್ಟಪ್ಪನವರು ಕೋರ್ಟಿನ ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರು ಕೂಗುವ ಕೆಲಸ ಮಾಡಿ ನಿವೃತ್ತರಾದವರು. ಕೆಲಸ ಬಿಟ್ಟಿತ್ತು, ಗಂಟಲು ಬಿಟ್ಟಿರಲಿಲ್ಲ. ಅವರು ಗುಟ್ಟು ಹೇಳಿದರೂ ಬಸ್‌ ನಿಲ್ದಾಣದವರೆಗೆ ಕೇಳುತ್ತಿತ್ತು.

“ಕುಶನ್ ಮಾಮ ಬಿದ್ದು ಒದ್ದಾಡ್ತಿದ್ದಾರೆ,” ಎಂದು ಅವರು ಕೂಗಿದರು, ಮೂರು ಸಲ, ಅಭ್ಯಾಸಬಲದಿಂದ.

ಬೀದಿಗೆ ಬೀದಿಯೇ ಹಿತ್ತಲಿಗೆ ನುಗ್ಗಿತು. ಇಸ್ತ್ರಿ ಅಂಗಡಿಯವಳು ಇಸ್ತ್ರಿಗೆ ಚಿಮುಕಿಸುವ ನೀರನ್ನು ಮಾಮನ ಮುಖಕ್ಕೆ ಹೊಡೆದಳು. ಯಾರೋ ಕಾಲು ತಿಕ್ಕಿದರು. ಮಾಮ ಎದ್ದು ಕೂತು, ತನಗೇನೂ ಆಗಿಲ್ಲ, ಬೆಕ್ಕಿಗೆ ಹೇಳಿಕೊಡುತ್ತಿದ್ದೆ ಎಂದದ್ದೇ ತಪ್ಪಾಯಿತು. ಎಲ್ಲರೂ ಇನ್ನಷ್ಟು ಗಾಬರಿಯಾದರು. ಎಲ್ಲ ವಿವರಿಸಿ ಮುಗಿಸುವ ಹೊತ್ತಿಗೆ ಅವನಿಗೆ ಪಿತ್ತ ನೆತ್ತಿಗೇರಿತ್ತು.

“ಇದು ಮೋಸ,” ಎಂದರು ಕೋರ್ಟಪ್ಪನವರು. “ನಿಮಗೆ ಕೊಟ್ಟಿರೋದು ಬೆಕ್ಕಿನ ಗಿಡ ಅಲ್ಲ. ಯಾವುದೋ ಬೇಲಿ ಸಾಲಿನ ಕಳೆ. ಸಾಕ್ಷಿ ಸಮೇತ ಹೋಗಬೇಕು. ಗಿಡಾನೂ ತಗೊಳ್ಳಿ, ಬೆಕ್ಕನ್ನೂ ತಗೊಳ್ಳಿ. ನಾನೂ ಬರ್ತೀನಿ.”

ಹೀಗೆ ಮಾಮ ಕುಂಡ, ಬುಟ್ಟಿ ಸಮೇತ ಬೀದಿಗಿಳಿದದ್ದು.

ನರ್ಸರಿಯಲ್ಲಿ ಗಿರಾಕಿಗಳ ಜಾತ್ರೆ. ಮಾಮ ಕುಂಡವನ್ನು ಮೇಜಿನ ಮೇಲೆ ದಡ್ಡೆಂದು ಕುಕ್ಕಿದ. “ಜೊಲ್ಲು ಸುರಿಸತ್ತೆ ಅಂದ್ರಲ್ಲ, ಎಲ್ಲಿ ಜೊಲ್ಲು? ಹೊರಳಾಡತ್ತೆ ಅಂದ್ರಲ್ಲ, ಹೊರಳಾಡಿದ್ದು ನಾನು.”

ಯಜಮಾನ ಒಳಗೆ ಹೋಗಿ ತನ್ನ ಗಂಡು ಬೆಕ್ಕನ್ನು ಎತ್ತಿ ತಂದ. ಹರಿದ ಕಿವಿಯ, ಗಂಟುಮುಖದ, ನೋಡಿದರೆ ಪುಂಡ ಎನಿಸುವ ಪ್ರಾಣಿ. ಅದನ್ನು ಮಾಮನ ಗಿಡದ ಮುಂದೆ ಬಿಟ್ಟ. ಅದು ಒಂದು ಸಲ ಮೂಸಿತು. ಗಂಟುಮುಖ ಸಡಿಲವಾಯಿತು. ಕೆನ್ನೆಯನ್ನು ಕುಂಡಕ್ಕೆ ಉಜ್ಜಿತು, ಎಲೆ ಜಗಿಯಿತು, ಬೆನ್ನ ಮೇಲೆ ಬಿದ್ದು ನಾಲ್ಕು ಕಾಲನ್ನೂ ಗಾಳಿಯಲ್ಲಿ ಆಡಿಸಿತು, ಗಲ್ಲದಿಂದ ಜೊಲ್ಲು ಎಳೆ ಎಳೆಯಾಗಿ ಇಳಿಯಿತು. ಗಿರಾಕಿಗಳು ಕೆಲಸ ಬಿಟ್ಟು ಸುತ್ತ ನಿಂತರು. ಬುಟ್ಟಿಯಿಂದ ಹೊರಗೆ ಬಂದ ದೊರೆಸಾನಿ, ಕುಡಿದು ಬಂದ ನೆಂಟರನ್ನು ನೋಡುವ ಹಾಗೆ ಅದನ್ನು ನೋಡಿ, ಬೆನ್ನು ತಿರುಗಿಸಿ ಕೂತಳು.

“ಗಿಡದಲ್ಲಿ ದೋಷ ಇಲ್ಲ,” ಎಂದ ಯಜಮಾನ, ನಗುತ್ತ, ಎಲ್ಲರಿಗೂ ಕೇಳುವ ಹಾಗೆ. “ದೋಷ ನಿಮ್ಮ ಬೆಕ್ಕಲ್ಲಿದೆ.”

ಆ ಬೆಳಗ್ಗೆಯವರೆಗೂ ಮಾಮ ದೊರೆಸಾನಿಯನ್ನು ಪೀಡೆ, ದಂಡಪಿಂಡ, ಅನ್ನಕ್ಕೆ ದಂಡ, ಮನೆಮುರುಕಿ ಎಂದೆಲ್ಲ ಕರೆದಿದ್ದ. ಆದರೆ ತನ್ನ ಮನೆಯ ಬೆಕ್ಕನ್ನು ತಾನು ಬಯ್ಯುವುದು ಬೇರೆ, ಗೊಬ್ಬರ ಮಾರುವವನೊಬ್ಬ ನಾಲ್ಕು ಜನರ ಮುಂದೆ ಬಯ್ಯುವುದು ಬೇರೆ. ಅವನ ಸಿಟ್ಟು ಒಂದು ಕ್ಷಣ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡವರಿಸಿತು. ಆಮೇಲೆ ಗಿಡವನ್ನು ಬಿಟ್ಟು ಬೆಕ್ಕಿನ ಪಕ್ಕಕ್ಕೆ ಬಂದು ಗಟ್ಟಿಯಾಗಿ ಕೂತಿತು.

“ಯಾರ ಬೆಕ್ಕಲ್ಲಿ ದೋಷ ಅಂತೀರಿ? ಜೊಲ್ಲು ಸುರಿಸೋದು ಲಕ್ಷಣ, ಮರ್ಯಾದೆಯಾಗಿ ಕೂರೋದು ದೋಷಾನಾ? ಇವಳನ್ನ ಎಂಥ ಮನೆಯಿಂದ ತಂದಿದ್ದೀವಿ ಗೊತ್ತಾ ನಿಮಗೆ?”

“ಎಂಥ ಮನೆಯಾದ್ರೇನು, ದೋಷ ದೋಷನೇ,” ಎಂದ ಯಜಮಾನ.

“ತಜ್ಞರ ಅಭಿಪ್ರಾಯ ಬೇಕು,” ಎಂದು ಕೋರ್ಟಪ್ಪನವರು ಗುಡುಗಿದರು. ಮೂವರೂ, ಅಂದರೆ ಮಾಮ, ಕೋರ್ಟಪ್ಪನವರು ಮತ್ತು ದೊರೆಸಾನಿ, ಕುಂಡ ಸಮೇತ ಅಲ್ಲಿಂದ ಪ್ರಾಣಿಗಳ ಆಸ್ಪತ್ರೆಗೆ ನಡೆದರು.

ಆಸ್ಪತ್ರೆಯ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ದೊರೆಸಾನಿಯ ಕಣ್ಣು, ಕಿವಿ, ಬಾಯಿ ನೋಡಿದರು. ಹೊಟ್ಟೆ ಒತ್ತಿದರು. ಮಾಮ ನಡೆದದ್ದನ್ನೆಲ್ಲ ಹೇಳುತ್ತ ಬಂದಂತೆ ಅವರು ತುಟಿ ಕಚ್ಚಿಕೊಂಡು ನಗು ತಡೆದರು.

“ಇವಳು ಚೆನ್ನಾಗೇ ಇದ್ದಾಳೆ. ಕೆಲವು ಬೆಕ್ಕುಗಳಿಗೆ ಆ ಗಿಡದ ವಾಸನೆ ಹತ್ತೋದೇ ಇಲ್ಲ. ಅದು ಕಾಯಿಲೆ ಅಲ್ಲ. ಹುಟ್ಟಿನಿಂದ ಬರೋದು. ತಾಯಿ ಕಡೆಯಿಂದಲೋ ತಂದೆ ಕಡೆಯಿಂದಲೋ.”

“ಅಂದ್ರೆ ವಂಶದಿಂದ,” ಎಂದರು ಕೋರ್ಟಪ್ಪನವರು.

“ಹಾಗೂ ಅನ್ನಬಹುದು.”

“ಔಷಧಿ?” ಎಂದ ಮಾಮ.

“ಏನೂ ಬೇಡ. ಅವಳು ಆರಾಮಾಗಿದ್ದಾಳೆ. ನೀವ್ಯಾಕೆ ಇಷ್ಟು ಬೆವರ್ತಿದ್ದೀರಿ?”

ಇದಾದ ಮೇಲೆ ಡಾಕ್ಟರಮ್ಮ, ಒಂದು ಮರದ ತುಂಡಿಗೆ ಒರಟು ಹಗ್ಗ ಸುತ್ತಿ ನಿಲ್ಲಿಸಿದರೆ ಬೆಕ್ಕು ಸೋಫಾ ಬಿಟ್ಟು ಅದನ್ನೇ ಕೆರೆಯುತ್ತದೆ ಎಂದೂ ಹೇಳಿದರು. ಆ ದಿನವೆಲ್ಲ ಆಡಿದ ಮಾತುಗಳಲ್ಲಿ ಉಪಯೋಗಕ್ಕೆ ಬರುವಂಥದ್ದು ಅದೊಂದೇ. ಕೋರ್ಟಪ್ಪನವರು ಆಗಲೇ ಬಾಗಿಲಾಚೆ ‘ವಂಶದಿಂದ, ವಂಶದಿಂದ’ ಎಂದು ಗುಡುಗುತ್ತ ಹೊರಟಿದ್ದರಿಂದ ಅದು ಯಾರ ಕಿವಿಗೂ ಬೀಳಲಿಲ್ಲ.

ಮನೆಗೆ ಮರಳುವಾಗ ಮಾಮ ಮೊಳೆ ಕೊಳ್ಳಲು ಅಂಗಡಿಯ ಬಳಿ ನಿಂತ. ಅದು ಅವನು ಮಾಡಿದ ದೊಡ್ಡ ತಪ್ಪು. ಕೋರ್ಟಪ್ಪನವರು ಮುಂದೆ ಹೋಗಿ, ಮಾಮನ ಮನೆಯ ಗೇಟಿನ ಮುಂದೆ ನಿಂತು, ಒಳಗಿದ್ದ ಹೆಂಡತಿಗೆ ವರದಿ ಒಪ್ಪಿಸಿದರು. “ನೋಡಮ್ಮಾ, ಡಾಕ್ಟರೇ ಹೇಳಿಬಿಟ್ರು. ದೋಷ ಇರೋದು ವಂಶದಲ್ಲಂತೆ. ತಾಯಿ ಕಡೆಯಿಂದ ಬಂದದ್ದಂತೆ.” ತಂದೆಯ ಕಡೆ ಎಂಬ ಮಾತು ದಾರಿಯಲ್ಲಿ ಎಲ್ಲೋ ಉದುರಿಹೋಗಿತ್ತು.

ಬೀದಿಯ ಎಲ್ಲ ಕಿಟಕಿಗಳಿಗೂ ಇದು ಕೇಳಿಸಿತು. ಬೆಕ್ಕು ಎಂಬ ಮಾತು ಮಾತ್ರ ಕೇಳಿಸಿರಲಿಲ್ಲ, ಏಕೆಂದರೆ ಕೋರ್ಟಪ್ಪನವರು ಅದನ್ನು ಹೇಳಿಯೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಇಸ್ತ್ರಿ ಅಂಗಡಿಯವಳು ಬಂದು ಮಾಮನ ಹೆಂಡತಿಯ ಕೈ ಹಿಡಿದುಕೊಂಡು, “ಪಾಪ, ನಿಮ್ಮ ತಾಯಿ ಕಡೆ ಎಲ್ಲರಿಗೂ ಇದೆಯಂತಲ್ಲ. ನಿಮಗೂ ಇದೆಯಾ? ನೋಡಿದ್ರೆ ಹಾಗೆ ಕಾಣಲ್ಲ ಬಿಡಿ,” ಎಂದು ಸಮಾಧಾನ ಹೇಳಿದಳು.

ಮಾಮ ಮೊಳೆ ಪೊಟ್ಟಣ ಹಿಡಿದು ಒಳಗೆ ಕಾಲಿಟ್ಟಾಗ ಹೆಂಡತಿ ಫೋನಿನಲ್ಲಿದ್ದಳು. “ಹೌದಮ್ಮಾ. ಆಸ್ಪತ್ರೆಗೆ ಹೋಗಿ ಕೇಳ್ಕೊಂಡು ಬಂದಿದ್ದಾರೆ. ನಮ್ಮ ವಂಶದಲ್ಲೇ ದೋಷ ಅಂತ. ಹೌದು, ಇವರೇ.” ಫೋನು ಇಟ್ಟು ಅವನ ಕಡೆ ತಿರುಗಿದಳು. “ಬೆಕ್ಕು ಬೇಡ ಅಂದ್ರೆ ಬೇಡ ಅನ್ನಬೇಕಿತ್ತು. ಊರು ತುಂಬ ನಮ್ಮ ತವರಿನ ಮಾನ ಹರಾಜು ಹಾಕಬೇಕಿತ್ತಾ?”

“ನಾನು ಬೆಕ್ಕಿನ ಪರವಾಗಿ ಜಗಳ ಆಡಿ ಬಂದಿದ್ದೀನಿ ಕಣೇ,” ಎಂದ ಮಾಮ. ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅವನ ಬಾಳಿನಲ್ಲಿ ಅಂಥ ಅನ್ಯಾಯ ಹಿಂದೆಂದೂ ಆಗಿರಲಿಲ್ಲ. ಹೆಂಡತಿ ಮಾತು ಬಿಟ್ಟಳು. ಅವಳ ಬ್ಯಾಗು ಅಟ್ಟದಿಂದ ಇಳಿದು ಮಂಚದ ಮೇಲೆ ಬಾಯಿ ತೆರೆದು ಕೂತಿತು.

ಅತ್ತೆ ಮರುದಿನ ಮೊದಲ ಬಸ್ಸಿಗೇ ಬಂದಿಳಿದರು. ಅವರು ಹೊಲಿಗೆ ಕಲಿಸುವ ಶಾಲೆ ನಡೆಸಿದವರು. ಎದುರಿಗೆ ನಿಂತವರನ್ನು ಕಣ್ಣಲ್ಲೇ ಅಳತೆ ತೆಗೆದು, ಎಲ್ಲಿ ಕತ್ತರಿಸಬೇಕೆಂದು ಯೋಚಿಸುವ ಅಭ್ಯಾಸ ಅವರಿಗೆ ಇನ್ನೂ ಹೋಗಿರಲಿಲ್ಲ. ಬಗಲಲ್ಲಿ ಒಂದು ದೊಡ್ಡ ಚೀಲ. ಚೀಲದಿಂದ ಹೊರಗೆ ಬಂದದ್ದು ದೊರೆಸಾನಿಯ ತಾಯಿ. ವಯಸ್ಸಾದ, ದಪ್ಪನೆಯ, ಗಂಭೀರ ಬೆಕ್ಕು.

“ಎಲ್ಲಿ ಅಳಿಯಂದ್ರೇ, ನಿಮ್ಮ ಆ ಗಿಡ?” ಎಂದರು ಅತ್ತೆ. ನೀರೂ ಕುಡಿಯಲಿಲ್ಲ. “ನಮ್ಮ ಮನೆ ಬೆಕ್ಕಿಗೆ ದೋಷ ಇದೆ ಅಂದ್ರಂತೆ. ಇವತ್ತು ಎಲ್ಲರ ಮುಂದೆ ಪರೀಕ್ಷೆ ಆಗಿಹೋಗ್ಲಿ.”

“ಅತ್ತೆ, ನಾನು ಹಾಗಂದಿಲ್ಲ.”

“ಬೀದಿಯೋರೆಲ್ಲ ಅಂತಿದ್ದಾರಲ್ಲ. ನೀವು ಅನ್ನದೇ ಬೀದಿಗೆ ಹೇಗೆ ಗೊತ್ತಾಯ್ತು?”

ಇದಕ್ಕೆ ಉತ್ತರ ಕಾಂಪೌಂಡಿನ ಮೇಲೆ ಗಲ್ಲ ಊರಿಕೊಂಡು ನಿಂತಿತ್ತು.

ಹಿತ್ತಲು ತುಂಬಿತು. ಗೋಡೆಯ ಉದ್ದಕ್ಕೂ ತಲೆಗಳು. ಅತ್ತೆ ತಾಯಿಬೆಕ್ಕನ್ನು ಕುಂಡದ ಮುಂದೆ ಇಳಿಸಿ, ಕೈಕಟ್ಟಿ ನಿಂತರು. ಮಾಮ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇದು ಹೊರಳಾಡಿದರೆ ಅತ್ತೆಯ ವಂಶ ಗೆದ್ದಿತು, ಹೆಂಡತಿಯ ಬ್ಯಾಗು ಅಟ್ಟ ಸೇರಿತು. ಹೊರಳಾಡದಿದ್ದರೆ ತನ್ನ ಕಥೆ ಮುಗಿಯಿತು. ‘ಹೊರಳು ತಾಯಿ’ ಎಂದು ಅವನು ಆ ಮುದಿ ಬೆಕ್ಕಿಗೆ ಒಳಗೊಳಗೇ ಕೈ ಮುಗಿದ.

ತಾಯಿಬೆಕ್ಕು ಮೂಸಿತು. ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ತನ್ನ ವಯಸ್ಸು, ಗಾಂಭೀರ್ಯ, ಬಸ್ಸಿನ ಆಯಾಸ ಎಲ್ಲವನ್ನೂ ಗಾಳಿಗೆ ತೂರಿ ಗಿಡದ ಮೇಲೆ ಎರಗಿತು. ಕೆನ್ನೆ ಉಜ್ಜಿತು, ತಲೆಕೆಳಗಾಯಿತು, ಕುಂಡವನ್ನು ಅಪ್ಪಿಕೊಂಡು ಹಿಂಗಾಲಿನಿಂದ ಒದೆಯಿತು. ಕುಂಡ ಉರುಳಿತು, ಬೆಕ್ಕೂ ಅದರ ಜೊತೆ ಉರುಳಿತು. ಗೋಡೆಯ ಮೇಲಿನ ತಲೆಗಳು ಚಪ್ಪಾಳೆ ತಟ್ಟಿದವು.

“ನೋಡಿದ್ರಾ?” ಎಂದರು ಅತ್ತೆ, ಸುತ್ತ ಕಣ್ಣು ಹಾಯಿಸಿ. “ನಮ್ಮ ಕಡೆ ಎಳ್ಳಷ್ಟೂ ದೋಷ ಇಲ್ಲ.”

ಮಾಮ ಸಂತೋಷದಿಂದ, “ಇಲ್ಲವೇ ಇಲ್ಲ ಅತ್ತೆ,” ಎಂದ. ಅಲ್ಲಿಗೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ಕೋರ್ಟಪ್ಪನವರಿಗೆ ಅರ್ಧಂಬರ್ಧ ಮುಗಿದ ಮೊಕದ್ದಮೆಯನ್ನು ಸಹಿಸಲಾಗುತ್ತಿರಲಿಲ್ಲ. “ಹಾಗಾದ್ರೆ ತಂದೆ ಕಡೆಯಿಂದ ಬಂದಿದೆ,” ಎಂದರು. “ತಂದೆ ಯಾರು?”

“ಯಾರೋ ಏನೋ,” ಎಂದರು ಅತ್ತೆ. “ಹೊರಗಿಂದ ಬಂದವನು. ಎಲ್ಲಿಯವನೋ, ಎಂಥವನೋ. ನಮ್ಮ ಮನೆ ಹೆಣ್ಣುಮಕ್ಕಳಲ್ಲಿ ಯಾವತ್ತೂ ದೋಷ ಇಲ್ಲ. ಏನಿದ್ರೂ ಹೊರಗಿಂದ ಬಂದು ಸೇರ್ಕೊಂಡ ಗಂಡಸರಿಂದಲೇ.”

ಇಷ್ಟು ಹೇಳಿ ಅವರು ಯಾರ ಕಡೆಗೂ ನೋಡಲಿಲ್ಲ. ಗೋಡೆಯ ಮೇಲಿನ ತಲೆಗಳೆಲ್ಲ ಮಾತ್ರ ಒಟ್ಟಿಗೇ ಮಾಮನ ಕಡೆಗೆ ತಿರುಗಿದವು.

ಎರಡು ದಿನದಿಂದ ನೆಲೆ ಸಿಗದೆ ಅಲೆಯುತ್ತಿದ್ದ ಅವನ ಸಿಟ್ಟಿಗೆ ಕೊನೆಗೂ ಒಂದು ಮನೆ ಸಿಕ್ಕಿತು. ಆ ತಂದೆಬೆಕ್ಕನ್ನು ಅವನು ಕಂಡವನಲ್ಲ. ಅದು ಬದುಕಿದೆಯೋ ಇಲ್ಲವೋ ಗೊತ್ತಿಲ್ಲ. ಆದರೂ ಆ ಗಳಿಗೆಯಲ್ಲಿ ಲೋಕದಲ್ಲಿ ತನ್ನ ಕಷ್ಟ ಅರ್ಥವಾಗುವ ಜೀವ ಅದೊಂದೇ ಎನ್ನಿಸಿತು.

“ಅದು ಇಲ್ಲಿಲ್ಲ ಅಂತ ಏನು ಬೇಕಾದ್ರೂ ಅನ್ನಬಹುದಾ ಅತ್ತೆ?” ಎಂದ ಮಾಮ. “ಹೊರಗಿಂದ ಬಂದವನು ಅಂದ್ರೇನು? ಅವನಿಗೂ ಒಂದು ಮನೆ, ಮಾನ ಇರಲ್ವಾ? ಅವನ ತಾಯಿ ಬಂದು ಇಲ್ಲಿ ಕೈಕಟ್ಟಿ ನಿಂತಿಲ್ಲ, ಅದಕ್ಕೇ ತಾನೇ ಈ ಮಾತು? ಒಳ್ಳೇದೆಲ್ಲ ನಿಮ್ಮ ಕಡೆ, ಕೆಟ್ಟದ್ದೆಲ್ಲ ಅವನ ತಲೆಗೆ. ಎಷ್ಟು ವರ್ಷದಿಂದ ನೋಡ್ತಿದ್ದೀನಿ.”

“ಯಾರ ವಿಷಯ ಮಾತಾಡ್ತಿದ್ದೀರಿ ನೀವು?” ಎಂದಳು ಹೆಂಡತಿ. ಆ ದಿನ ಅವಳು ಆಡಿದ ಮೊದಲ ಮಾತು ಅದು.

“ಬೆಕ್ಕಿನ ವಿಷಯ,” ಎಂದ ಮಾಮ.

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಯಾರೋ ಕೆಮ್ಮಿದರು. ಹಲ್ಲಿನ ಡಾಕ್ಟರು. ಸೋಫಾ ನೋಡಿಕೊಂಡು ಹೋಗಲು ಬಂದವರು, ತೆರೆದ ಬಾಗಿಲಿನಿಂದ ಒಳಗೆ ಬಂದು ನಿಂತಿದ್ದರು. ಮಾಮನ ಜೀವ ಹಾರಿಹೋಯಿತು. ಗಲಾಟೆಯಲ್ಲಿ ಸೋಫಾಕ್ಕೆ ಮತ್ತೆ ಗೋಣಿ ಹೊದಿಸಿ ಹಲಗೆ ಒರಗಿಸುವುದು ಮರೆತೇಹೋಗಿತ್ತು. ಓಡಿಹೋಗಿ ನೋಡಿದರೆ ದೊರೆಸಾನಿ ಕಡುಹಸಿರು ಮಖಮಲ್ಲಿನ ನಟ್ಟನಡುವೆ ಕಾಲುಗಳನ್ನು ಮಡಿಸಿಕೊಂಡು ನೆಟ್ಟಗೆ ಕೂತಿದ್ದಳು. ಸೋಫಾದ ಕೈಯ ಮೇಲೆ ಹೊಸದಾಗಿ ಎಳೆದ ಒಂದು ಗೀರು ಮಿಂಚುತ್ತಿತ್ತು.

ಡಾಕ್ಟರ ಹಿಂದೆಯೇ ತಾಯಿಬೆಕ್ಕು ತೂರಾಡುತ್ತ ಒಳಗೆ ಬಂದು, ಅವರ ಬೂಟಿನ ಮೇಲೆ ಬಿದ್ದು ಜೊಲ್ಲು ಸುರಿಸಿತು. ಅದರ ಹಿಂದೆ ಅತ್ತೆ, ಹೆಂಡತಿ, ಕೋರ್ಟಪ್ಪನವರು, ಇಸ್ತ್ರಿ ಅಂಗಡಿಯವಳು. ಎಲ್ಲರೂ ಒಟ್ಟಿಗೆ ಮಾತಾಡಿದರು. ದೊರೆಸಾನಿ ಮಾತ್ರ ಕಣ್ಣು ಮಿಟುಕಿಸಲಿಲ್ಲ.

ಡಾಕ್ಟರು ಗೀರನ್ನು ನೋಡಿದರು. ಆಮೇಲೆ ದೊರೆಸಾನಿಯನ್ನು ಬಹಳ ಹೊತ್ತು ನೋಡಿದರು.

“ಎಷ್ಟು ಸಮಾಧಾನ ನೋಡಿ ಇದಕ್ಕೆ,” ಎಂದರು. “ನನ್ನ ಕ್ಲಿನಿಕ್ಕಿಗೆ ಬರೋರೆಲ್ಲ ನಡುಗ್ತಾ ಕೂತಿರ್ತಾರೆ. ಇಂಥದೊಂದು ಅಲ್ಲಿ ಕೂತಿದ್ರೆ ನೋಡಿದವರಿಗೆ ಧೈರ್ಯ ಬರತ್ತೆ. ಈ ಬೆಕ್ಕನ್ನ ನನಗೆ ಕೊಟ್ಟುಬಿಡಿ. ಗೀರಿನ ಮಾತು ಇಲ್ಲಿಗೆ ಬಿಟ್ಟೆ. ಕುರ್ಚಿಗಳ ಕೆಲಸಾನೂ ನಿಮ್ಮದೇ.”

ಮಾಮ ಎಷ್ಟು ದಿನದಿಂದ ಬಯಸಿದ್ದು ಇದನ್ನೇ. ಪೀಡೆ ತೊಲಗುತ್ತದೆ, ಗಿರಾಕಿ ಉಳಿಯುತ್ತಾನೆ, ಬೆಕ್ಕನ್ನು ತವರಿಗೆ ಅಟ್ಟಿದ ಅಪವಾದವೂ ಇಲ್ಲ. ಅವನು ಹೆಂಡತಿಯ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಬೆಕ್ಕನ್ನು ನೋಡುತ್ತಿದ್ದಳು, ಬಸ್ಸು ಹೊರಡುವಾಗ ಕಿಟಕಿಯಲ್ಲಿ ಕೂತವರನ್ನು ಕೆಳಗೆ ನಿಂತು ನೋಡುವ ಹಾಗೆ. ಮಾಮನಿಗೆ ಡಾಕ್ಟರ ಮೇಲೆ ಭಯಂಕರ ಸಿಟ್ಟು ಬಂತು. ಈ ಸಲ ಯಾರ ಮೇಲೆ ಎಂಬ ಗೊಂದಲವೇ ಇರಲಿಲ್ಲ.

“ಆಗಲ್ಲ ಸಾರ್,” ಎಂದ.

“ಯಾಕೆ?”

ಯಾಕೆ ಎಂದು ಮಾಮ ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ. “ಅದರಲ್ಲಿ ದೋಷ ಇದೆ ಸಾರ್. ವಂಶದ ದೋಷ. ದೊಡ್ಡಾಸ್ಪತ್ರೆಯಲ್ಲೇ ಹೇಳಿದ್ದಾರೆ. ದೋಷ ಇರೋ ಮಾಲನ್ನ ಗಿರಾಕಿಗೆ ದಾಟಿಸೋ ಅಭ್ಯಾಸ ನನಗಿಲ್ಲ.”

ಕೋರ್ಟಪ್ಪನವರು ಆಕ್ಷೇಪಣೆ ಎತ್ತಲು ಬಾಯಿ ತೆರೆದರು. ಮಾಮನ ಹೆಂಡತಿ ಅವರ ಕಾಲು ತುಳಿದಳು. ಅತ್ತೆ ಮುಂದೆ ಬಂದರು. ಇನ್ನು ಇಲ್ಲಿ ರಣರಂಗವೇ ಆಗುತ್ತದೆ ಎಂದು ಇಸ್ತ್ರಿ ಅಂಗಡಿಯವಳು ಒಂದು ಹೆಜ್ಜೆ ಹಿಂದೆ ಸರಿದಳು. ಅತ್ತೆ ಅಳಿಯನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ಅಳತೆ ತೆಗೆದರು. ಆಮೇಲೆ ಡಾಕ್ಟರ ಕಡೆ ತಿರುಗಿದರು.

“ಹೌದು ಡಾಕ್ಟ್ರೇ. ಅವರು ಹೇಳೋದು ನಿಜ. ನಮ್ಮ ಕಡೆಯಿಂದಲೇ ಬಂದದ್ದು. ತಾಯಿನೂ ಹೀಗೇ, ನೋಡಿ,” ಎಂದು ಅವರ ಬೂಟಿನ ಮೇಲೆ ಜೊಲ್ಲು ಸುರಿಸುತ್ತಿದ್ದ ಪ್ರಾಣಿಯನ್ನು ತೋರಿಸಿದರು.

ಡಾಕ್ಟರು ಕಾಲು ಹಿಂದಕ್ಕೆಳೆದುಕೊಂಡರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಒಂದು ಮುಖದಲ್ಲೂ ನಗುವಿರಲಿಲ್ಲ. “ಸೋಫಾ ಮುಗಿಸಿ ಕಳಿಸಿ. ಕುರ್ಚಿಗಳನ್ನ ಬೇರೆಯವರಿಗೆ ಹೇಳ್ತೀನಿ,” ಎಂದು ಹೇಳಿ, ಬೂಟನ್ನು ಬಾಗಿಲ ಬಳಿಯ ಗೋಣಿಗೆ ಒರೆಸಿಕೊಂಡು ಹೊರಟುಹೋದರು.

ಕುರ್ಚಿಗಳು ಹೋದವು. ಮಾಮ ಕೆಳಗೆ ಕೂತ. ಕೋರ್ಟಪ್ಪನವರೂ ಇಸ್ತ್ರಿ ಅಂಗಡಿಯವಳೂ ಯಾರೂ ಹೇಳದೆಯೇ ತಮ್ಮ ತಮ್ಮ ಮನೆಗೆ ನಡೆದರು. ಹೆಂಡತಿ ಮಲಗುವ ಕೋಣೆಗೆ ಹೋದಳು. ಬ್ಯಾಗನ್ನು ಅಟ್ಟಕ್ಕೆ ಎಸೆದ ಸದ್ದು ಕೇಳಿಸಿತು. ಹೊರಗೆ ಬಂದು, “ಟೀ ಮಾಡ್ತೀನಿ. ಸಕ್ಕರೆ ಜಾಸ್ತಿ ಹಾಕ್ಲಾ?” ಎಂದು ಗಂಡನನ್ನು ಕೇಳಿದಳು.

ಅತ್ತೆ ಸೋಫಾದ ಮೇಲೆ, ದೊರೆಸಾನಿಗೆ ತೊಂದರೆಯಾಗದಂತೆ ತುದಿಯಲ್ಲಿ ಕೂತರು.

“ಅಳಿಯಂದ್ರೇ, ಆಗ ಆಡಿದ್ದು ಹೊರಗಿನೋರ ಮುಂದೆ ಆಡಿದ ಮಾತು. ಈಗ ಮನೆಯೋರು ಮಾತ್ರ ಇದ್ದೀವಿ. ಹೇಳಿ, ದೋಷ ಯಾರ ಕಡೆಯಿಂದ?”

ಮಾಮ ಅತ್ತೆಯನ್ನು ನೋಡಿದ. ಅಡುಗೆಮನೆಯಲ್ಲಿ ಸ್ಟೌ ಹತ್ತಿಸುತ್ತಿದ್ದ ಹೆಂಡತಿಯ ಬೆನ್ನನ್ನು ನೋಡಿದ. ಎಲ್ಲೋ ಯಾವುದೋ ಗೋಡೆಯ ಮೇಲೆ ಒಂಟಿಯಾಗಿ ಕೂತಿರಬಹುದಾದ, ತಾನು ಎಂದೂ ಕಾಣದ ಆ ಬಡಪಾಯಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡ.

“ತಂದೆ ಕಡೆಯಿಂದ ಅತ್ತೆ,” ಎಂದ.